ಎರಡೇ ವರ್ಷದಲ್ಲಿ ಎದ್ದ ಶಾಟೊ ಗಯಾರ್ ಕೋಟೆ ಒಂದೇ ಚಳಿಗಾಲದಲ್ಲಿ ಬಿದ್ದದ್ದೇಕೆ?

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಮಧ್ಯಯುಗದ ಯುರೋಪಿನ ಪಾಠವನ್ನು ಈ ಸಲ ಒಂದೇ ಒಂದು ಕೋಟೆಯನ್ನು ಹಿಡಿದು ಹೇಳಬೇಕೆಂದುಕೊಂಡು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದಲ್ಲಿ ಸೇನ್ ನದಿಯ ಮೇಲೆ ನಿಂತಿರುವ ಶಾಟೊ ಗಯಾರ್ ಕೋಟೆಯನ್ನು ಆರಿಸಿಕೊಂಡಿದ್ದೇನೆ. ಇಂಗ್ಲೆಂಡಿನ ದೊರೆಯೂ ನಾರ್ಮಂಡಿಯ ಡ್ಯೂಕನೂ ಆಗಿದ್ದ ಮೊದಲನೇ ರಿಚರ್ಡ್ ಇದನ್ನು 1196ರಲ್ಲಿ ಆರಂಭಿಸಿ 1198ರ ಹೊತ್ತಿಗೆ ಬಹುಮಟ್ಟಿಗೆ ಮುಗಿಸಿದ. ಆ ಕಾಲದ ದೊಡ್ಡ ಕೋಟೆಗಳು ಪೂರ್ಣಗೊಳ್ಳಲು ಸಾಮಾನ್ಯವಾಗಿ ಸುಮಾರು ಹತ್ತು ವರ್ಷ ಹಿಡಿಯುತ್ತಿತ್ತು. ಇದಕ್ಕೆ ಸುಮಾರು 12,000 ಪೌಂಡು ಖರ್ಚಾಯಿತೆಂದೂ, ರಿಚರ್ಡ್ ತನ್ನ ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಎಲ್ಲ ಕೋಟೆಗಳಿಗೆ ಸೇರಿಸಿ ಮಾಡಿದ ವೆಚ್ಚವೂ ಇಷ್ಟಾಗಲಿಲ್ಲವೆಂದೂ ಲೆಕ್ಕಪತ್ರಗಳಿಂದ ತಿಳಿಯುತ್ತದೆ.

ಆದರೆ ಫ್ರಾನ್ಸಿನ ದೊರೆ ಎರಡನೇ ಫಿಲಿಪ್ 1203ರ ಬೇಸಿಗೆಯ ಕೊನೆಯಲ್ಲಿ ಮುತ್ತಿಗೆ ಹಾಕಿದ. 1204ರ ಮಾರ್ಚ್ 6ರಂದು ಕೋಟೆ ಅವನ ವಶವಾಯಿತು. ಮೂರು ಸುತ್ತಿನ ರಕ್ಷಣೆ, ಬಂಡೆಯಲ್ಲಿ ಕಡಿದ ಕಂದಕಗಳು, ಮೂರು ಕಡೆ ಕಡಿದಾದ ಇಳಿಜಾರು, ಕೆಳಗೆ ದೊಡ್ಡ ನದಿ ಇಷ್ಟೆಲ್ಲ ಇದ್ದೂ ಅದು ಆರೇಳು ತಿಂಗಳಿಗಿಂತ ಹೆಚ್ಚು ತಡೆಯಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ನಮ್ಮ ಕಡೆಯ ಬೆಟ್ಟದ ಕೋಟೆಯಾದ ಕವಲೇದುರ್ಗವನ್ನು ಹತ್ತಿ ಇಳಿದವರು. ಸುತ್ತಿನ ಒಳಗೆ ಸುತ್ತು ಎಂಬ ಏರ್ಪಾಡು ಅವರಿಗೆ ಪುಸ್ತಕದಿಂದ ಕಲಿಯಬೇಕಾದ ವಿಷಯವಲ್ಲ. ಆದ್ದರಿಂದಲೇ ಅವರ ಪ್ರಶ್ನೆ ಹರಿತವಾಗಿದೆ: ಆ ಕಾಲದ ಅತ್ಯುತ್ತಮ ಕೋಟೆಯೆಂದು ಹೊಗಳಿಸಿಕೊಂಡದ್ದು ಇಷ್ಟು ಬೇಗ ಸೋತಿದ್ದರೆ, ಅದರ ವಿನ್ಯಾಸದಲ್ಲೇ ಕೊರತೆ ಇತ್ತೇ, ಅಥವಾ ಕಾವಲಿದ್ದವರ ತಪ್ಪೇ? ಕಟ್ಟಡದ ಬಗ್ಗೆ ಬಲ್ಲವರೂ ಆ ಕಾಲದ ರಾಜಕೀಯವನ್ನು ಓದಿಕೊಂಡವರೂ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಗಾರೆಕಲ್ಲು, ಸಾಗರ

ನಮಸ್ಕಾರ ಸರ್. ನಾನು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವ ಸಿವಿಲ್ ಎಂಜಿನಿಯರ್. ಆದ್ದರಿಂದ ಕಲ್ಲು, ಗೋಡೆಗಳ ಕಡೆಯಿಂದ ಆರಂಭಿಸುತ್ತೇನೆ.

ಮೊದಲು ನೆಲದ ರೂಪವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸೇನ್ ನದಿ ಲೆ ಆಂಡ್ಲಿ ಎಂಬ ಊರಿನ ಬಳಿ ದೊಡ್ಡದಾಗಿ ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿನ ಮೇಲೆ ಸುಮಾರು 90 ಮೀಟರ್ ಎತ್ತರದ ಸುಣ್ಣಕಲ್ಲಿನ ಕೋಡು ಚಾಚಿಕೊಂಡಿದೆ. ಮೂರು ದಿಕ್ಕಿನಲ್ಲಿ ಇಳಿಜಾರು ಎಷ್ಟು ಕಡಿದಾಗಿದೆಯೆಂದರೆ ಅಲ್ಲಿಂದ ಸೈನ್ಯವಾಗಲಿ ಯಂತ್ರವಾಗಲಿ ಏರಿ ಬರುವ ಮಾತೇ ಇಲ್ಲ. ಆಗ್ನೇಯ ದಿಕ್ಕಿನಲ್ಲಿ ಮಾತ್ರ ಕಿರಿದಾದ ಕುತ್ತಿಗೆಯೊಂದು ಈ ಕೋಡನ್ನು ಹಿಂದಿನ ಪ್ರಸ್ಥಭೂಮಿಗೆ ಸೇರಿಸುತ್ತದೆ, ಮತ್ತು ಆ ಪ್ರಸ್ಥಭೂಮಿ ಕೋಟೆಯ ನೆಲಕ್ಕಿಂತ ಎತ್ತರದಲ್ಲಿದೆ. ಕೋಟೆಯ ಇಡೀ ವಿನ್ಯಾಸ ಈ ಒಂದು ಕುತ್ತಿಗೆಗೆ ಕೊಟ್ಟ ಉತ್ತರ.

ಕುತ್ತಿಗೆಗೆ ಎದುರಾಗಿ, ಮೂತಿಯನ್ನು ಮುಂದಕ್ಕೆ ಮಾಡಿದ ತ್ರಿಕೋನದಂತೆ ಹೊರ ಅಂಗಳವಿದೆ. ಇದು ಕೋಟೆಯ ಉಳಿದ ಭಾಗದಿಂದ ಬೇರೆಯಾಗಿಯೇ ನಿಂತ ಮುಂಗೋಟೆ; ತುದಿಯ ಮೂಲೆಯಲ್ಲಿ ದೊಡ್ಡ ದುಂಡು ಬುರುಜು, ಪಕ್ಕಗಳಲ್ಲಿ ಬೇರೆ ಬುರುಜುಗಳು. ಇದರ ಹಿಂದೆ ಬಂಡೆಯಲ್ಲಿ ಕಡಿದ ಆಳವಾದ ಒಣ ಕಂದಕ. ಅದನ್ನು ದಾಟಿದರೆ ನಡು ಅಂಗಳ, ಅದರೊಳಗೆ ಮತ್ತೊಂದು ಕಂದಕ, ಆ ಕಂದಕದಾಚೆ ಒಳ ಅಂಗಳ, ಒಳ ಅಂಗಳದ ನದಿಯ ಬದಿಯ ಅಂಚಿನಲ್ಲಿ ಮುಖ್ಯ ಗೋಪುರ. ಒಂದು ಸುತ್ತು ಕೈತಪ್ಪಿದರೂ ಕಾವಲಿನವರು ಹಿಂದಿನ ಸುತ್ತಿಗೆ ಸರಿದು ಮತ್ತೆ ಹೊಸದಾಗಿ ಹೋರಾಟ ಆರಂಭಿಸಲಿ, ಶತ್ರುವು ಪ್ರತಿ ಸಲವೂ ಮೊದಲಿನಿಂದ ಮುತ್ತಿಗೆಯ ಕೆಲಸ ಮಾಡಲಿ ಎಂಬುದು ಇದರ ಹಿಂದಿನ ಯೋಚನೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಒಳ ಅಂಗಳದ ಗೋಡೆ. ಅದು ನೇರವಾಗಿಲ್ಲ. ಹೊರಮುಖದ ಉದ್ದಕ್ಕೂ ಅರ್ಧವೃತ್ತಾಕಾರದ ಉಬ್ಬುಗಳು ಬಹುತೇಕ ಒಂದಕ್ಕೊಂದು ತಗುಲಿಕೊಂಡು ಸಾಲಾಗಿ ಬರುತ್ತವೆ. ನಡುವೆ ಚಪ್ಪಟೆ ಗೋಡೆ ಬಹಳ ಕಡಿಮೆ. ಇದಕ್ಕೆ ಎರಡು ಕಾರಣ ಹೇಳಬಹುದು. ಕವಣೆಯಂತ್ರ ಎಸೆದ ಗುಂಡು ಚಪ್ಪಟೆ ಗೋಡೆಗೆ ಬಡಿದರೆ ಪೂರ್ತಿ ಹೊಡೆತ ಕಲ್ಲಿಗೆ ಬೀಳುತ್ತದೆ, ಬಾಗಿದ ಮೇಲ್ಮೈಗೆ ಬಡಿದರೆ ಅದು ಪಕ್ಕಕ್ಕೆ ಜಾರುವ ಸಾಧ್ಯತೆ ಹೆಚ್ಚು, ಜೊತೆಗೆ ಕಮಾನಿನಂತೆ ಬಾಗಿದ ಕಲ್ಲುಕಟ್ಟಡ ಹೊರಗಿನ ಒತ್ತಡವನ್ನು ಎರಡೂ ಬದಿಗೆ ಹಂಚುತ್ತದೆ. ಇದು ಮೊದಲನೆಯದು. ಎರಡನೆಯದಾಗಿ, ಗೋಡೆಯ ಬುಡದಲ್ಲಿ ಮೇಲಿನವರ ಕಣ್ಣಿಗೆ ಬೀಳದೆ ಅಡಗಿ ನಿಲ್ಲಲು ಶತ್ರುವಿಗೆ ಜಾಗ ಕಡಿಮೆಯಾಗುತ್ತದೆ.

ಈ ಎರಡನೆಯ ಕಾರಣ ಅರ್ಥವಾಗಲು ಹಿಂದಿನ ಕೋಟೆಗಳನ್ನು ನೋಡಬೇಕು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಕಟ್ಟಿದ, 36 ಮೀಟರ್ ಎತ್ತರದ ಲೋಶ್ ಗೋಪುರದಂತಹವು ಚೌಕಾಕಾರದವು. ಚೌಕ ಗೋಪುರಕ್ಕೆ ಮೂಲೆಯೇ ಮರ್ಮಸ್ಥಾನ. ಮೂಲೆಯ ಕೆಳಗೆ ಸುರಂಗ ತೋಡಿ, ಮರದ ಊರುಗೋಲು ಕೊಟ್ಟು, ಕೊನೆಗೆ ಆ ಮರಕ್ಕೆ ಬೆಂಕಿಯಿಟ್ಟರೆ ಎರಡು ಗೋಡೆಗಳು ಒಟ್ಟಿಗೆ ಕುಸಿಯುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಗೋಪುರಗಳು ಕ್ರಮೇಣ ದುಂಡಗಾದದ್ದಕ್ಕೆ ಈ ಅನುಭವವೂ ಒಂದು ಕಾರಣ.

ಶಾಟೊ ಗಯಾರ್‌ನ ಮುಖ್ಯ ಗೋಪುರ ದುಂಡಗಿದ್ದರೂ ಒಳ ಅಂಗಳದ ಕಡೆಗೆ ಹಡಗಿನ ಮೂತಿಯಂತೆ ಚೂಪಾಗಿ ಮುಂದಕ್ಕೆ ಬಂದಿದೆ. ಶತ್ರು ಬರಬಹುದಾದ ಏಕೈಕ ದಿಕ್ಕಿನಲ್ಲಿ ಕಲ್ಲಿನ ದಪ್ಪವನ್ನು ಹೆಚ್ಚಿಸಿ, ಗುಂಡುಗಳು ಎರಡೂ ಬದಿಗೆ ಜಾರುವಂತೆ ಮಾಡುವುದು ಇದರ ಉದ್ದೇಶ. ಅದೇ ನದಿಯ ದಂಡೆಯಲ್ಲಿ ಸ್ವಲ್ಪ ಮೇಲಕ್ಕಿರುವ ಲಾ ರೋಶ್-ಗಿಯೋಂ ಕೋಟೆಯ ಗೋಪುರಕ್ಕೂ ಇಂತಹುದೇ ಮೂತಿಯಿದೆ. ಗಯಾರ್ ಗೋಪುರದ ಗೋಡೆಗೆ ಒರಗಿದ ಆಧಾರಗಂಬಗಳು ಸಾಮಾನ್ಯ ಕ್ರಮಕ್ಕೆ ವಿರುದ್ಧವಾಗಿ ಬುಡದಲ್ಲಿ ಕಿರಿದಾಗಿದ್ದು ಮೇಲೇರಿದಂತೆ ಅಗಲವಾಗುತ್ತವೆ. ಅವು ತುದಿಯಲ್ಲಿ ಕಮಾನುಗಳಿಂದ ಒಂದಕ್ಕೊಂದು ಸೇರಿ ಹೊರಚಾಚಿದ ತೆನೆಗೋಡೆಯನ್ನು ಹೊರುತ್ತಿದ್ದವೆಂದೂ, ಆ ಗೋಡೆಗೂ ಗೋಪುರಕ್ಕೂ ನಡುವಿನ ಕಂಡಿಗಳಿಂದ ನೇರ ಕೆಳಗೆ ಕಲ್ಲು ಬೀಳಿಸಬಹುದಿತ್ತೆಂದೂ ವಿದ್ವಾಂಸರು ಹೇಳುತ್ತಾರೆ. ಪಶ್ಚಿಮ ಯುರೋಪಿನಲ್ಲಿ ಇಂತಹ ಕಲ್ಲಿನ ಏರ್ಪಾಡಿನ ಬಹಳ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಗೋಪುರದ ತಲೆಭಾಗ ಇಂದು ಉಳಿದಿಲ್ಲವಾದ್ದರಿಂದ, ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯುಕ್ ಬಿಡಿಸಿದ ಸುಂದರ ಚಿತ್ರವನ್ನು ತರಗತಿಯಲ್ಲಿ ತೋರಿಸುವಾಗ ಅದು ಮರುರಚನೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ.

ಇಷ್ಟು ಬೇಗ ಕಟ್ಟಿದ್ದು ಹೇಗೆ? ಹಣ, ಮತ್ತು ಕೈಗೆಟುಕುವ ಕಲ್ಲು. ಕಂದಕಕ್ಕಾಗಿ ಕಡಿದ ಸುಣ್ಣಕಲ್ಲೇ ಗೋಡೆಗೆ ಒದಗುವಂಥದ್ದು. ನಾರ್ಮಂಡಿಯ ಲೆಕ್ಕದ ಸುರುಳಿಗಳಲ್ಲಿ ಕಲ್ಲು ಕಡಿಯುವವರು, ಕಲ್ಲುಕುಟಿಗರು, ಸುಣ್ಣ ಸುಡುವವರು, ಬಡಗಿಗಳು, ಕಮ್ಮಾರರು, ನೀರು ಹೊರುವವರು, ಗಾಡಿ ಹೊಡೆಯುವವರು, ಕೆಲಸದವರನ್ನು ಕಾಯುವ ಸೈನಿಕರು ಎಲ್ಲರಿಗೂ ಕೊಟ್ಟ ಕೂಲಿಯ ನಮೂದಿದೆ. ಆದರೆ ಇಡೀ ಕೆಲಸಕ್ಕೆ ಮುಖ್ಯಸ್ಥನಾದ ಶಿಲ್ಪಿಯೊಬ್ಬನ ಹೆಸರು ಕಾಣುವುದಿಲ್ಲ. ಆದ್ದರಿಂದ ವಿನ್ಯಾಸದ ಹಿಂದಿದ್ದ ಬುದ್ಧಿ ರಿಚರ್ಡನದೇ ಎಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ. ಮೂರನೆಯ ಧರ್ಮಯುದ್ಧದಲ್ಲಿ (ಜೆರುಸಲೇಮಿಗಾಗಿ ಕ್ರೈಸ್ತರು ನಡೆಸಿದ ಕ್ರುಸೇಡ್) ಪೂರ್ವದ ಕೋಟೆಗಳನ್ನು ಕಣ್ಣಾರೆ ಕಂಡು, ತಾನೇ ಮುತ್ತಿಗೆಗಳನ್ನು ನಡೆಸಿ ಬಂದವನು ಅವನು. ಈ ಊಹೆ ನನಗೂ ಒಪ್ಪಿಗೆಯಾಗುತ್ತದೆ.

ಉತ್ತರ: ಹಳೆಪುಟ, ಶಿವಮೊಗ್ಗ

ಸಾಗರದ ಸ್ನೇಹಿತರು ಗೋಡೆಯ ಕಥೆಯನ್ನು ಸೊಗಸಾಗಿ ಹೇಳಿದ್ದಾರೆ. ಆದರೆ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಗೋಡೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಶಾಟೊ ಗಯಾರ್ ಒಂಟಿಯಾಗಿ ನಿಲ್ಲಲು ಹುಟ್ಟಿದ ಕೋಟೆಯಲ್ಲ. ಅದು ಒಂದು ನದಿಯನ್ನೇ ಮುಚ್ಚುವ ಏರ್ಪಾಡಿನ ಶಿಖರವಾಗಿತ್ತು, ಮತ್ತು ಆ ಏರ್ಪಾಡಿನ ಹಿಂದೆ ಬಯಲಿನಲ್ಲಿ ಸೈನ್ಯ ನಡೆಸಬಲ್ಲ ದೊರೆಯೊಬ್ಬ ಇರುತ್ತಾನೆಂದು ಅದನ್ನು ಕಟ್ಟಿದವನು ನಂಬಿದ್ದ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಧರ್ಮಯುದ್ಧದಿಂದ ಮರಳುವಾಗ, 1192ರ ಡಿಸೆಂಬರಿನಲ್ಲಿ, ರಿಚರ್ಡ್ ವಿಯೆನ್ನಾದ ಬಳಿ ಸೆರೆಸಿಕ್ಕ. ಭಾರಿ ಒತ್ತೆಹಣ ತೆತ್ತು 1194ರ ಫೆಬ್ರವರಿಯಲ್ಲಿ ಅವನು ಬಿಡುಗಡೆಯಾಗುವಷ್ಟರಲ್ಲಿ ಫಿಲಿಪ್ ನಾರ್ಮಂಡಿಯ ಗಡಿಯ ಮುಖ್ಯ ಕೋಟೆಯಾದ ಜಿಸೋರನ್ನು ತನ್ನದಾಗಿಸಿಕೊಂಡಿದ್ದ. ಪ್ಯಾರಿಸಿನಿಂದ ಸೇನ್ ನದಿಯ ಜೊತೆಯಲ್ಲೇ ಬಂದರೆ ನಾರ್ಮಂಡಿಯ ರಾಜಧಾನಿ ರೂವಾಂವರೆಗೆ ತಡೆಯೇ ಇಲ್ಲದಂತಾಯಿತು. ಆ ಬಾಗಿಲನ್ನು ಮುಚ್ಚಲು ರಿಚರ್ಡನಿಗೆ ಆಂಡ್ಲಿ ಬೇಕಿತ್ತು.

ಆದರೆ ಆಂಡ್ಲಿ ರೂವಾಂನ ಆರ್ಚ್‌ಬಿಷಪ್ಪರ ಆಸ್ತಿ. ಅಲ್ಲಿ ಕೋಟೆ ಕಟ್ಟಬಾರದೆಂದು 1196ರ ಜನವರಿಯಲ್ಲಿ ಇಬ್ಬರು ದೊರೆಗಳ ನಡುವೆ ಆದ ಒಪ್ಪಂದದಲ್ಲೇ ಬರೆದಿತ್ತು. ರಿಚರ್ಡ್ ಎರಡನ್ನೂ ಲೆಕ್ಕಿಸಲಿಲ್ಲ. ಆರ್ಚ್‌ಬಿಷಪ್ ವಾಲ್ಟರ್ ಇಡೀ ನಾರ್ಮಂಡಿಯಲ್ಲಿ ಧಾರ್ಮಿಕ ವಿಧಿಗಳನ್ನೇ ನಿಲ್ಲಿಸಿ ರೋಮಿಗೆ ದೂರು ಒಯ್ದರು. ಶವಸಂಸ್ಕಾರವೂ ನಡೆಯದೆ ಹೆಣಗಳು ಬೀದಿಯಲ್ಲಿ ಉಳಿದವೆಂದು ಆ ಕಾಲದ ಚರಿತ್ರಕಾರರು ಬರೆಯುತ್ತಾರೆ. 1197ರ ಏಪ್ರಿಲಿನಲ್ಲಿ ಪೋಪ್ ಮೂರನೇ ಸೆಲೆಸ್ಟಿನ್ ಆ ನಿಷೇಧವನ್ನು ತೆಗೆದರು. ಆರ್ಚ್‌ಬಿಷಪ್ಪರಿಗೆ ದಿಯೆಪ್ ಬಂದರು ಮತ್ತಿತರ ಸ್ಥಳಗಳು ಬದಲಿಯಾಗಿ ದೊರೆತವು. ಕೋಟೆಯ ಕೆಲಸ ಈ ಅವಧಿಯುದ್ದಕ್ಕೂ ನಿಲ್ಲದೆ ಸಾಗಿತ್ತು. 1198ರ ಮೇ ತಿಂಗಳಲ್ಲಿ ಕೆಲಸಗಾರರ ಮೇಲೆ ರಕ್ತದ ಮಳೆ ಸುರಿಯಿತೆಂದೂ ದೊರೆ ಆ ಅಪಶಕುನಕ್ಕೂ ಬಗ್ಗಲಿಲ್ಲವೆಂದೂ ನ್ಯೂಬರ್ಗಿನ ವಿಲಿಯಂ ದಾಖಲಿಸಿದ್ದಾನೆ.

ರಿಚರ್ಡ್ ಕಟ್ಟಿಸಿದ್ದು ಬೆಟ್ಟದ ಮೇಲಿನ ಕೋಟೆಯನ್ನಷ್ಟೇ ಅಲ್ಲ. ಕೆಳಗೆ ನದಿಯ ದಡದಲ್ಲಿ ಪೆತಿ ಆಂಡ್ಲಿ ಎಂಬ ಹೊಸ ಪೇಟೆ, ಅದರ ಸುತ್ತ ಗೋಡೆ. ನದಿಯ ನಡುವಿನ ದ್ವೀಪದಲ್ಲಿ ಇನ್ನೊಂದು ಕೋಟೆ. ದ್ವೀಪವನ್ನು ದಡಕ್ಕೆ ಸೇರಿಸುವ ಸೇತುವೆಗಳು. ದೋಣಿಗಳು ದಾಟದಂತೆ ನದಿಗೆ ಅಡ್ಡಲಾಗಿ ಹುಗಿದ ಮೂರು ಸಾಲಿನ ಮರದ ಗೂಟಗಳು. ಇವೆಲ್ಲ ಒಂದರ ಬೆನ್ನಿಗೆ ಒಂದು ಇದ್ದಾಗ ಮಾತ್ರ ಬೆಟ್ಟದ ಮೇಲಿನ ಕೋಟೆಗೆ ಅರ್ಥ.

1199ರ ಏಪ್ರಿಲ್ 6ರಂದು ರಿಚರ್ಡ್ ಶಾಲುಸ್ ಎಂಬ ಸಣ್ಣ ಕೋಟೆಯ ಮುಂದೆ ಬಾಣದ ಗಾಯದಿಂದ ಸತ್ತ. ತಮ್ಮ ಜಾನ್ ಪಟ್ಟಕ್ಕೆ ಬಂದ. ಫಿಲಿಪ್ 1203ರಲ್ಲಿ ಬಂದಾಗ ನೇರವಾಗಿ ಬೆಟ್ಟಕ್ಕೆ ಲಗ್ಗೆ ಹಾಕಲಿಲ್ಲ. ಮೊದಲು ನದಿಯ ಗೂಟಗಳನ್ನು ಕೀಳಿಸಿ, ದೋಣಿಗಳನ್ನು ತರಿಸಿ ಸೇತುವೆ ಮಾಡಿ, ದ್ವೀಪದ ಕೋಟೆಯನ್ನು ಸುತ್ತುವರಿದ. ಜಾನ್ ಕಳಿಸಿದ ನೆರವಿನ ಪಡೆ ರಾತ್ರಿಯ ಹೊತ್ತು ನೆಲದಿಂದಲೂ ನೀರಿನಿಂದಲೂ ಒಂದೇ ವೇಳೆಗೆ ಮೇಲೆ ಬೀಳಬೇಕೆಂದಿತ್ತು. ನೆಲದ ಪಡೆಗೆ ವಿಲಿಯಂ ಮಾರ್ಷಲ್ ನಾಯಕ. ಪ್ರವಾಹದ ಎದುರು ಹುಟ್ಟು ಹಾಕುತ್ತಿದ್ದ ದೋಣಿಗಳು ತಡವಾಗಿ ತಲುಪಿದವು. ಅಷ್ಟರಲ್ಲಿ ನೆಲದ ಪಡೆ ಸೋತು ಹಿಂದೆ ಸರಿದಿತ್ತು. ಆಮೇಲೆ ಫಿಲಿಪನ ಕಡೆಯ ಗೋಬೆರ್ ಎಂಬ ಈಜುಗಾರ ಮುಚ್ಚಿದ ಮಡಕೆಗಳಲ್ಲಿ ಕೆಂಡ ಒಯ್ದು ದ್ವೀಪದ ಮರದ ಬೇಲಿಗೆ ಬೆಂಕಿಯಿಟ್ಟ. ದ್ವೀಪ ಬಿತ್ತು, ಅದರ ಬೆನ್ನಿಗೇ ಪೇಟೆಯೂ ಬಿತ್ತು. ಜಾನ್ ವರ್ಷ ಮುಗಿಯುವ ಮುನ್ನವೇ ಇಂಗ್ಲೆಂಡಿಗೆ ಹಡಗು ಹತ್ತಿದ. ನನ್ನ ಲೆಕ್ಕದಲ್ಲಿ ಶಾಟೊ ಗಯಾರ್ ಸೋತದ್ದು ಆಗಲೇ. ಮಾರ್ಚ್ 6 ಆ ಸೋಲು ಜಗತ್ತಿಗೆ ತಿಳಿದ ದಿನ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಪೇಟೆ ಬಿದ್ದಾಗ ಅಲ್ಲಿನ ಜನ, ಸಾವಿರಕ್ಕೂ ಹೆಚ್ಚು ಮಂದಿ, ಬೆಟ್ಟದ ಮೇಲಿನ ಕೋಟೆಯೊಳಗೆ ಸೇರಿಕೊಂಡರು. ಕೋಟೆಯ ನಾಯಕ ರೋಜರ್ ಡಿ ಲೇಸಿಗೆ ದಾಸ್ತಾನಿನ ಚಿಂತೆ. ಅವನು ಹೋರಾಡಲಾಗದವರನ್ನು ತಂಡತಂಡವಾಗಿ ಹೊರಗೆ ಕಳಿಸಿದ. ಮೊದಲ ತಂಡಗಳಿಗೆ ಫ್ರೆಂಚರು ದಾರಿ ಬಿಟ್ಟರು. ಇದರಿಂದ ಕೋಟೆಯ ಆಹಾರ ಹೆಚ್ಚು ದಿನ ಬರುತ್ತದೆಂದು ಅರಿತ ಫಿಲಿಪ್ ಇನ್ನು ಯಾರನ್ನೂ ಬಿಡಕೂಡದೆಂದು ಅಪ್ಪಣೆ ಮಾಡಿದ. ಕೊನೆಯ ತಂಡ ಹೊರಬಂದಾಗ ಮುಂದಿನಿಂದ ಬಾಣ ಬಂದವು, ಹಿಂದೆ ಹೆಬ್ಬಾಗಿಲು ಮುಚ್ಚಿತ್ತು. ಹೆಂಗಸರು, ಮಕ್ಕಳು, ಮುದುಕರು ಸೇರಿದ ನೂರಾರು ಜನ ಕೋಟೆಗೂ ಪಾಳೆಯಕ್ಕೂ ನಡುವಿನ ಇಳಿಜಾರಿನಲ್ಲಿ, ನಡುಚಳಿಗಾಲದಲ್ಲಿ, ಹುಲ್ಲುಗಿಡ ತಿಂದು ದಿನ ನೂಕಿದರು. ಕೊನೆಗೆ ಫಿಲಿಪನೇ ಮನಸ್ಸು ಬದಲಿಸಿ ಅನ್ನ ಕೊಡಿಸಿ ದಾರಿ ಬಿಡಿಸಿದನಾದರೂ ಅಷ್ಟರಲ್ಲಿ ಬಹಳ ಮಂದಿ ಸತ್ತಿದ್ದರು. ವಾಸ್ತುವಿನ ಪಾಠದಲ್ಲೂ ಈ ಜನರಿಗೆ ಜಾಗವಿರಲಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕೋಟೆಗೂ ಪಾಳೆಯಕ್ಕೂ ನಡುವಿನ ಆ ಜಾಗ ನಕ್ಷೆಯಲ್ಲಿ ಖಾಲಿಯಾಗಿ ಕಾಣುತ್ತದೆ, ಅದು ಖಾಲಿಯಿರಲಿಲ್ಲ.

ಮರುಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಪುಟ ಅವರು ಹೇಳಿದ ಜನರ ಕಥೆಯನ್ನು ಖಂಡಿತ ಪಾಠದಲ್ಲಿ ಸೇರಿಸುತ್ತೇನೆ. ಆದರೂ ಗೋಡೆಯ ಪ್ರಶ್ನೆ ಪೂರ್ತಿ ಮುಗಿಯಲಿಲ್ಲ. ಹೊರಗಿನ ಸೈನ್ಯ ಬಾರದಿದ್ದರೆ ಕೋಟೆ ಹಸಿವಿನಿಂದ ಸೋಲಬೇಕು. ಇಲ್ಲಿ ಫಿಲಿಪ್ ಕೊನೆಗೆ ಮೂರು ಸುತ್ತನ್ನೂ ಬಲದಿಂದಲೇ ಮುರಿದು ಒಳಹೊಕ್ಕ ಎಂದು ಓದಿದ್ದೇನೆ. ಅಂದಮೇಲೆ ಮೂರು ಸುತ್ತುಗಳಲ್ಲಿ ಪ್ರತಿಯೊಂದೂ ಬಿದ್ದದ್ದು ಹೇಗೆ? ಮತ್ತು ನಮ್ಮ ಕಡೆಯ ಸುತ್ತುಕೋಟೆಗಳ ಜೊತೆ ಇದನ್ನು ಹೋಲಿಸುವುದು ನ್ಯಾಯವೇ?

ಉತ್ತರ: ಗಾರೆಕಲ್ಲು, ಸಾಗರ

ಮೊದಲ ಪ್ರಶ್ನೆಗೆ ನಾನು ಪ್ರಯತ್ನಿಸುತ್ತೇನೆ. ನಮಗಿರುವ ಮುಖ್ಯ ಆಧಾರ ಫಿಲಿಪನ ಆಸ್ಥಾನದ ಪಾದ್ರಿ ಗಿಯೋಮ್ ಲ ಬ್ರೆತೋಂ ಬರೆದದ್ದು. ಅವನು ಮುತ್ತಿಗೆಯ ಪಾಳೆಯದಲ್ಲೇ ಇದ್ದವನು, ಆದರೆ ತನ್ನ ದೊರೆಯ ಕೀರ್ತಿಗಾಗಿ ಬರೆದವನು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು.

ಹೊರ ಅಂಗಳ ಬಿದ್ದದ್ದು ಸುರಂಗದಿಂದ. ಫಿಲಿಪನ ಕಡೆಯವರು ಕುತ್ತಿಗೆಯ ಮೇಲಿನ ನೆಲವನ್ನು ಸಮಮಾಡಿ, ಮರೆ ಕಟ್ಟಿಕೊಂಡು, ಕಂದಕಕ್ಕೆ ಮಣ್ಣು ಮರ ತುಂಬುತ್ತ ಬಂದರು. ಕಂದಕ ತುಂಬುವವರೆಗೂ ಕಾಯಲು ತಾಳ್ಮೆಯಿಲ್ಲದೆ ಏಣಿಗಳ ಮೇಲೆ ಇಳಿದು, ಆಚೆ ಬದಿ ಹತ್ತಲು ಅದೇ ಏಣಿ ಗಿಡ್ಡವಾದಾಗ ಕಠಾರಿಗಳಿಂದ ಇಳಿಜಾರಿನಲ್ಲಿ ಹಿಡಿ ಮಾಡಿಕೊಂಡು ಮೇಲೇರಿ, ತುದಿಯ ದೊಡ್ಡ ಬುರುಜಿನ ಬುಡವನ್ನು ಕೊರೆದರು. ಊರುಗೋಲುಗಳಿಗೆ ಬೆಂಕಿ ಬಿದ್ದಾಗ ಬುರುಜಿನ ಭಾಗ ಕುಸಿಯಿತು. ಸುಣ್ಣಕಲ್ಲು ಗಟ್ಟಿ ಗ್ರಾನೈಟಿಗಿಂತ ಬಹಳ ಮೆದು. ಕಂದಕ ಕಡಿಯಲು ರಿಚರ್ಡನಿಗೆ ಒದಗಿದ ಆ ಗುಣವೇ ಕೊರೆಯುವವರಿಗೂ ಒದಗಿತು.

ನಡು ಅಂಗಳ ಬಿದ್ದದ್ದು ಆಮೇಲೆ ಸೇರಿಸಿದ ಒಂದು ಕಟ್ಟಡದಿಂದ. ಜಾನ್ ಅಲ್ಲಿ ಪ್ರಾರ್ಥನಾ ಮಂದಿರವಿದ್ದ ಕಟ್ಟಡವೊಂದನ್ನು ಹೊರಗೋಡೆಗೆ ಹೊಂದಿಕೊಂಡಂತೆ ಕಟ್ಟಿಸಿದ್ದ. ಕೆಲವೇ ಸೈನಿಕರು ಅದರ ಮೂಲಕ ನುಸುಳಿದರು. ಶೌಚದ ಕಂಡಿಯಿಂದ ಹತ್ತಿದರೆಂಬುದು ಪ್ರಸಿದ್ಧವಾದ ಕಥೆ. ಮಂದಿರದ ಕಿಟಕಿಯಿಂದ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಎರಡರಲ್ಲಿ ಯಾವುದೇ ಆಗಲಿ, ಒಳಗೆ ಸೇರಿದವರು ಮಾಡಿದ ಗದ್ದಲಕ್ಕೆ ದೊಡ್ಡ ಪಡೆಯೇ ನುಗ್ಗಿತೆಂದು ಹೆದರಿದ ಕಾವಲಿನವರು ಅವರನ್ನು ಸುಡಲು ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದವರ ಮೇಲೇ ತಿರುಗಿತು, ಕಾವಲಿನವರು ಒಳ ಅಂಗಳಕ್ಕೆ ಓಡಿದರು. ನೂರಾರು ಗಜ ಗೋಡೆಯನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಆಮೇಲೆ ಬಂದವನು ವಾಸದ ಅನುಕೂಲಕ್ಕೆ ತೆರೆದ ಒಂದು ಕಿಂಡಿ ಸಾಕಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡುವ ನಮಗೆ ಈ ಬಗೆಯ ಹಾನಿ ಬಹಳ ಪರಿಚಿತ.

ಒಳ ಅಂಗಳದ ವಿಷಯದಲ್ಲಿ ಮಾತ್ರ ಮೂಲ ವಿನ್ಯಾಸವನ್ನೇ ದೂರಬೇಕು. ಕಂದಕ ಕಡಿಯುವಾಗ ಬಾಗಿಲಿನೆದುರು ಬಂಡೆಯ ಒಂದು ಪಟ್ಟಿಯನ್ನು ಹಾಗೇ ಉಳಿಸಿ ಅದನ್ನೇ ಸೇತುವೆಯಾಗಿ ಬಳಸಿದ್ದರು. ಮರದ ಎತ್ತುಸೇತುವೆಯಾಗಿದ್ದರೆ ಎತ್ತಿಬಿಡಬಹುದಿತ್ತು, ಬಂಡೆಯನ್ನು ಎತ್ತಲಾಗುವುದಿಲ್ಲ. ಕೊರೆಯುವವರು ಆ ಬಂಡೆಯ ಮರೆಯಲ್ಲೇ ಅಡಗಿ, ಮೇಲಿನ ಬಾಣಗಳಿಗೆ ಸಿಕ್ಕದೆ, ಗೋಡೆಯ ಬುಡ ತಲುಪಿದರು. ಒಳಗಿನವರು ಎದುರು ಸುರಂಗ ತೋಡಿ ಅವರನ್ನೇನೋ ಓಡಿಸಿದರು, ಆದರೆ ಎರಡು ಕಡೆಯಿಂದಲೂ ಟೊಳ್ಳಾದ ಅಡಿಪಾಯದ ಮೇಲಿನ ಗೋಡೆ ಕಾಬುಲಸ್ ಎಂಬ ದೊಡ್ಡ ಕವಣೆಯಂತ್ರದ ಗುಂಡುಗಳನ್ನು ತಡೆಯಲಿಲ್ಲ. ಬಾಗಿದ ಗೋಡೆ ಗುಂಡನ್ನು ಜಾರಿಸಬಲ್ಲದು, ಕೆಳಗಿನ ನೆಲವೇ ಹೋದರೆ ಅದರ ಆಕಾರದಿಂದ ಪ್ರಯೋಜನವಿಲ್ಲ. ಉಳಿದಿದ್ದವರು ಸುಮಾರು 140 ಮಂದಿ. ಅವರು ಮುಖ್ಯ ಗೋಪುರದಲ್ಲಿ ಕೊನೆಯ ಹೋರಾಟವನ್ನೂ ಮಾಡಲಿಲ್ಲ; ದಿಡ್ಡಿ ಬಾಗಿಲಿನಿಂದ ಹೊರಬೀಳಲು ನೋಡಿ ಸೆರೆಯಾದರು. ಅಷ್ಟು ಜಾಣ್ಮೆಯಿಂದ ಕಟ್ಟಿದ ಆ ಮೂತಿಗೋಪುರಕ್ಕೆ ಆ ಮುತ್ತಿಗೆಯಲ್ಲಿ ಪರೀಕ್ಷೆಯೇ ಆಗಲಿಲ್ಲ.

ಆದ್ದರಿಂದ ಹಳೆಪುಟ ಅವರ ಮಾತನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಸೇರಿಸುತ್ತೇನೆ. ನೆರವು ಬಾರದಿದ್ದುದರಿಂದ ಕೋಟೆಯ ಸೋಲು ಖಚಿತವಾಯಿತು. ಅದು ಬೇಸಿಗೆಯವರೆಗೆ ಎಳೆಯದೆ ಮಾರ್ಚಿನಲ್ಲೇ ಆದದ್ದು ಆ ಕಿಂಡಿ ಮತ್ತು ಆ ಬಂಡೆಸೇತುವೆಯಿಂದ.

ಉತ್ತರ: ಬಿದನೂರು ಓದು, ಹೊಸನಗರ

ಎಲ್ಲರಿಗೂ ನಮಸ್ಕಾರ. ನಾನು ಕೆಳದಿ ಅರಸರ ಕೋಟೆಗಳ ಬಗ್ಗೆ ಆಸಕ್ತಿಯಿಂದ ಓದುತ್ತಿರುವವಳು. ಹೋಲಿಕೆ ನ್ಯಾಯವೇ ಎಂದು ಸರ್ ಕೇಳಿದ್ದಾರೆ. ಮಾಡಬಹುದು, ಆದರೆ ಕಾಲದ ಅಂತರವನ್ನು ಮೊದಲೇ ಹೇಳಿಬಿಡಬೇಕು. ಶಾಟೊ ಗಯಾರ್ ಮದ್ದುಗುಂಡು ಯುರೋಪಿಗೆ ಬರುವ ಮುಂಚಿನದು. ಕೆಳದಿಯವರ ಕವಲೇದುರ್ಗ, ನಗರದ (ಹಿಂದಿನ ಬಿದನೂರಿನ) ಕೋಟೆಗಳು ಬಹುಮಟ್ಟಿಗೆ ಹದಿನಾರು, ಹದಿನೇಳನೆಯ ಶತಮಾನಗಳ ರೂಪದಲ್ಲಿ ನಮಗೆ ಕಾಣುತ್ತವೆ, ಫಿರಂಗಿಯ ಕಾಲದವು. ಗೋಡೆಯ ಎತ್ತರ, ಬತೇರಿಯ ಅಗಲ ಮುಂತಾದವನ್ನು ಎದುರುಬದುರು ಇಟ್ಟು ತೂಗಿದರೆ ವಿದ್ಯಾರ್ಥಿಗಳಿಗೆ ತಪ್ಪು ತಿಳಿವಳಿಕೆಯಾಗುತ್ತದೆ.

ಸುತ್ತಿನ ಒಳಗಿನ ಸುತ್ತು ಎಂಬ ತತ್ತ್ವವನ್ನು ಮಾತ್ರ ಧಾರಾಳವಾಗಿ ಹೋಲಿಸಬಹುದು. ಕವಲೇದುರ್ಗದಲ್ಲಿ ಬೆಟ್ಟದ ಏರನ್ನು ಅನುಸರಿಸಿ ಒಂದರ ಮೇಲೊಂದು ಸುತ್ತು ಬರುತ್ತದೆ. ಬಾಗಿಲಿನಿಂದ ಬಾಗಿಲಿಗೆ ಹೋಗುವವನು ಯಾವಾಗಲೂ ಕೆಳಗಿರುತ್ತಾನೆ, ಕಾಯುವವನು ಮೇಲಿರುತ್ತಾನೆ. ಶಾಟೊ ಗಯಾರ್‌ನಲ್ಲಿ ಅಂಗಳಗಳು ಕೋಡಿನ ಉದ್ದಕ್ಕೆ ಒಂದರ ಹಿಂದೊಂದು ಇವೆ. ಶತ್ರು ಬರುವ ಪ್ರಸ್ಥಭೂಮಿಯೇ ಎತ್ತರದ್ದು. ಆದ್ದರಿಂದ ಅಲ್ಲಿ ಎತ್ತರದ ಕೆಲಸವನ್ನು ಕಂದಕದ ಆಳ ಮಾಡಬೇಕಾಯಿತು. ಮಲೆನಾಡಿನ ಮಳೆಯಲ್ಲಿ ನೀರು ಹರಿದು ಹೋಗುವ ದಾರಿ, ಕೊಳಗಳು, ಕಾಡು ಇವೆಲ್ಲ ವಿನ್ಯಾಸದ ಭಾಗವಾಗುತ್ತವೆ. ಕವಲೇದುರ್ಗದ ಮೇಲೆ ಬೇಸಿಗೆಯಲ್ಲೂ ಕೊಳದಲ್ಲಿ ನೀರು ಕಾಣುತ್ತದೆ. ಸುಣ್ಣಕಲ್ಲಿನ ಕೋಡಿನ ಮೇಲೆ ಅದು ಸಾಧ್ಯವಿಲ್ಲದ್ದರಿಂದ ಅವರು ಬಂಡೆಯಲ್ಲಿ ಬಹಳ ಆಳದ ಬಾವಿಗಳನ್ನು ಕೊರೆದರು. ಅದರ ಫಲ ಎರಡು ಶತಮಾನಗಳ ನಂತರ ಕಂಡಿತು. ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿದ್ದಾಗ ಒಳಗಿದ್ದ ಫ್ರೆಂಚರು ನೀರು ಸೇದುವ ಹಗ್ಗಗಳೆಲ್ಲ ಸವೆದುಹೋಗಿ 1419ರ ಡಿಸೆಂಬರಿನಲ್ಲಿ ಶರಣಾದರೆಂದು ಚರಿತ್ರಕಾರ ಮೊಂಸ್ತ್ರೆಲೆ ಬರೆದಿದ್ದಾನೆ.

ಹಳೆಪುಟ ಅವರ ವಾದಕ್ಕೆ ನಮ್ಮ ನಗರದ ಕೋಟೆಯೇ ಸಾಕ್ಷಿ ಹೇಳುತ್ತದೆ. ಬಿದನೂರಿನ ನಿಜವಾದ ಹೊರಸುತ್ತು ದಟ್ಟ ಕಾಡು ಮತ್ತು ಬೆಟ್ಟಗಳ ನಡುವಿನ ಕಾವಲಿನ ಕಣಿವೆಗಳು. 1763ರಲ್ಲಿ ಹೈದರಲಿ ಬಂದಾಗ, ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಕಾಡಿನ ಗುಪ್ತ ದಾರಿಯನ್ನು ತೋರಿಸಿದನೆಂದು ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಹೇಳುತ್ತಾನೆ. ಆ ಹೊರಸುತ್ತು ತೆರೆದ ಮೇಲೆ ರಾಣಿ ವೀರಮ್ಮಾಜಿ ಕೋಟೆಯನ್ನು ಬಿಟ್ಟು ಬಲ್ಲಾಳರಾಯನ ದುರ್ಗಕ್ಕೆ ಸರಿಯಬೇಕಾಯಿತು. ಆಂಡ್ಲಿಯಲ್ಲಿ ನದಿ ಮಾಡಬೇಕಿದ್ದ ಕೆಲಸವನ್ನು ಬಿದನೂರಿನಲ್ಲಿ ಕಾಡು ಮಾಡಬೇಕಿತ್ತು. ತರಗತಿಯಲ್ಲಿ ಎರಡೂ ಸ್ಥಳಗಳ ನಕ್ಷೆ ಬರೆಸಿ, ಗೋಡೆಗಳನ್ನು ಬಿಟ್ಟು ಅವುಗಳ ಸುತ್ತಲಿನ ನೆಲವನ್ನು ಮಾತ್ರ ಬಣ್ಣದಿಂದ ತುಂಬಿಸಲು ಹೇಳಿದರೆ ವಿದ್ಯಾರ್ಥಿಗಳಿಗೆ ಇದು ಬೇಗ ಮನದಟ್ಟಾಗಬಹುದು.

ಉತ್ತರ: ಹಳೆಪುಟ, ಶಿವಮೊಗ್ಗ

ಹೊಸನಗರದ ಮೇಡಂ ಸೂಚಿಸಿದ ನಕ್ಷೆಯ ಅಭ್ಯಾಸ ಬಹಳ ಒಳ್ಳೆಯದು. ಗಾರೆಕಲ್ಲು ಅವರ ತಿದ್ದುಪಡಿಯನ್ನೂ ಒಪ್ಪುತ್ತೇನೆ. ಪಾಠವನ್ನು ಮುಂದುವರಿಸಲು ನೆರವಾಗುವ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಒಂದು, ಕೋಟೆಯ ನಂತರದ ಬದುಕು. ಇದು ಬಿದ್ದ ಮೇಲೆ ರೂವಾಂ ಹೆಚ್ಚು ದಿನ ನಿಲ್ಲಲಿಲ್ಲ; 1204ರ ಜೂನ್ 24ರಂದು ಅದೂ ಫಿಲಿಪನದಾಯಿತು, ನಾರ್ಮಂಡಿ ಇಂಗ್ಲೆಂಡಿನ ಅರಸರ ಕೈಬಿಟ್ಟಿತು. ಮುಂದೆ ಫ್ರಾನ್ಸಿನ ರಾಜಕುಮಾರರ ಹೆಂಡತಿಯರಾದ ಮಾರ್ಗರೆಟ್ ಮತ್ತು ಬ್ಲಾಂಶ್ ವ್ಯಭಿಚಾರದ ಆರೋಪದ ಮೇಲೆ 1314ರಲ್ಲಿ ಇಲ್ಲಿ ಬಂದಿಗಳಾದರು. ತನ್ನ ನಾಡಿನಿಂದ ತಪ್ಪಿಸಿಕೊಂಡು ಬಂದ ಸ್ಕಾಟ್ಲೆಂಡಿನ ಬಾಲರಾಜ ಎರಡನೇ ಡೇವಿಡ್ 1334ರಿಂದ 1341ರವರೆಗೆ ಇಲ್ಲಿ ಆಶ್ರಯ ಪಡೆದ. 1599ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ ಇದನ್ನು ಕೆಡವಲು ಆಜ್ಞೆ ಮಾಡಿದ. ಬಂಡಾಯಗಾರರ ಕೈಗೆ ಸಿಕ್ಕರೆ ಅಪಾಯವೆಂಬ ಭಯ ನಾಲ್ಕು ಶತಮಾನ ಕಳೆದರೂ ಇತ್ತು ಎಂಬುದೇ ಕಟ್ಟಿದವನಿಗೆ ಸಂದ ಗೌರವ. ಕಲ್ಲುಗಳಲ್ಲಿ ಒಂದು ಪಾಲು ಕಪುಚಿನ್ ಸನ್ಯಾಸಿಗಳ ಮಠದ ದುರಸ್ತಿಗೆ ಹೋಯಿತು.

ಎರಡು, ಗೆದ್ದವನು ಕಲಿತ ಪಾಠ. ಫಿಲಿಪ್ ಈ ಕೋಟೆಯನ್ನು ಗೆದ್ದನೇ ಹೊರತು ಅದರ ಮಾದರಿಯಲ್ಲಿ ಕಟ್ಟಿಸಲಿಲ್ಲ. ಅವನ ಎಂಜಿನಿಯರುಗಳ ಕೋಟೆಗಳು ಸರಳ: ಸಾಧ್ಯವಿದ್ದಲ್ಲೆಲ್ಲ ಚೌಕಾಕಾರದ ನೇರ ಗೋಡೆ, ಮೂಲೆಗಳಲ್ಲಿ ಒಂದೇ ಅಳತೆಯ ದುಂಡು ಬುರುಜುಗಳು, ಬಾಗಿಲಿನ ಎರಡೂ ಪಕ್ಕಕ್ಕೆ ಜೋಡಿ ಬುರುಜು, ಬುರುಜುಗಳಲ್ಲಿ ಗೋಡೆಯುದ್ದಕ್ಕೂ ಬಾಣ ಬಿಡಲಾಗುವ ಕಿಂಡಿಗಳು, ಒಂದು ದುಂಡು ಮುಖ್ಯ ಗೋಪುರ. ಈ ನಮೂನೆಯನ್ನು ಎಲ್ಲಿ ಬೇಕಾದರೂ, ಯಾವ ಮೇಸ್ತ್ರಿಯಿಂದಲಾದರೂ ಕಟ್ಟಿಸಬಹುದು. ಅವನು ಪ್ಯಾರಿಸಿನ ಅಂಚಿನಲ್ಲಿ ಕಟ್ಟಿಸಿದ ಲೂವ್ರ್ ಕೋಟೆಯ ಮುಖ್ಯ ಗೋಪುರ ಸುಮಾರು 15 ಮೀಟರ್ ಅಡ್ಡಳತೆಯದು, 30 ಮೀಟರ್ ಎತ್ತರದ್ದು. ಅದರ ಬುಡವನ್ನು ಇಂದು ಲೂವ್ರ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನೋಡಬಹುದು. ಬರ್ಗಂಡಿಯ ಗೆದೆಲೋಂ ಎಂಬಲ್ಲಿ 1997ರಿಂದ ಹದಿಮೂರನೆಯ ಶತಮಾನದ ಉಪಕರಣಗಳಿಂದಲೇ ಹೊಸದಾಗಿ ಕಟ್ಟುತ್ತಿರುವ ಕೋಟೆಯೂ ಇದೇ ನಮೂನೆಯದು. ಅಲ್ಲಿನ ಕಲ್ಲುಕೆಲಸ, ಸುಣ್ಣದ ಗಾರೆ, ಮನುಷ್ಯರು ಒಳಗೆ ನಡೆದು ತಿರುಗಿಸುವ ಗಾಲಿಯ ಎತ್ತುಯಂತ್ರ ಇವುಗಳ ಚಲನಚಿತ್ರಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಶಾಟೊ ಗಯಾರ್‌ನ ಎರಡು ವರ್ಷಗಳ ವೇಗ ಎಂಥದ್ದೆಂದು ಅರಿಯಲು ಅವನ್ನು ತೋರಿಸಿ. ರಿಚರ್ಡನ ಅಲೆಯಲೆಯ ಗೋಡೆಯನ್ನು ಮಾತ್ರ ಆಮೇಲೆ ಬಂದ ಫ್ರೆಂಚ್ ಕೋಟೆಗಳು ಅನುಸರಿಸಲಿಲ್ಲ. ಅದನ್ನು ಕಟ್ಟಲು ಬೇಕಾದ ಹಣ, ಪರಿಣತಿಗಿಂತ ಕಡಿಮೆ ವೆಚ್ಚದಲ್ಲಿ ದುಂಡು ಬುರುಜುಗಳು ಅದೇ ಕೆಲಸವನ್ನು ಮಾಡುತ್ತಿದ್ದವು.